ದೀಪ ಹಚ್ಚುವ ಹೊತ್ತಿನ ವೋಲ್ಟೇಜು

ಮೊದಲು ಬುಟ್ಟಿ. ಅದು ಟೊಮೆಟೊ ತುಂಬುವ ಬಿದಿರಿನ ಬುಟ್ಟಿ ಎಂದು ನನ್ನ ನೆನಪು. ಅಕ್ಕ ಒಪ್ಪುವುದಿಲ್ಲ. ಅದು ಬುಟ್ಟಿಯೇ ಅಲ್ಲ, ಮೊರ, ಅದರೊಳಗೆ ಹಳೆಯ ಸೀರೆಯನ್ನು ಸಿಂಬೆ ಸುತ್ತಿ ಮಧ್ಯೆ ಕೂಸನ್ನು ಮಲಗಿಸುತ್ತಿದ್ದೆವು ಎನ್ನುತ್ತಾಳೆ. ಅವಳು ಆಗ ಜ್ವರದಲ್ಲಿದ್ದಳು, ನಾನು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದೆ, ಹಾಗಾಗಿ ಇಬ್ಬರ ಸಾಕ್ಷ್ಯವೂ ಅಷ್ಟಕ್ಕಷ್ಟೆ. ಒಳಗೆ ಮಲಗಿದ್ದವಳನ್ನು ಕೇಳಿ ಪ್ರಯೋಜನವಿಲ್ಲ. ಬುಟ್ಟಿ ಎಂದೇ ಬರೆಯುತ್ತೇನೆ. ಅದರ ಮೇಲೆ ಒಂದು ಬಲ್ಬು ನೇತಾಡುತ್ತಿತ್ತು ಎಂಬ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.

ಬೇಗೂರಿನಲ್ಲಿ ಬಸ್ಸಿಳಿದು ಹೊಲಗಳ ನಡುವಿನ ದಾರಿಯಲ್ಲಿ ನಡೆದರೆ ನಮ್ಮ ಊರು. ತೊಂಬತ್ತರ ದಶಕದ ಮಧ್ಯದ ಒಂದು ಚಳಿಗಾಲದಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಭಾವ ಗಡಿಯಾಚೆ ಕೇರಳದ ಬತ್ತೇರಿಯ ತರಕಾರಿ ಮಂಡಿಯಲ್ಲಿ ಲೋಡು ಇಳಿಸುವ ಕೆಲಸದಲ್ಲಿದ್ದರು, ರಜೆ ಸಿಕ್ಕಾಗ ಬರುತ್ತಿದ್ದರು. ಅವ್ವ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರಿಂದ ಬಾಣಂತನ ಅಜ್ಜಿಯ ಪಾಲಿಗೆ ಬಂತು. ಅಪ್ಪ ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಜವಾನ. ನಾನು ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ. ಮನೆಯಲ್ಲಿ ಇಷ್ಟೇ ಜನ.

ಕೂಸು ಅವಸರ ಮಾಡಿಬಿಟ್ಟಿತು. ತಿಂಗಳು ತುಂಬುವ ಮೊದಲೇ ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಹುಟ್ಟಿತು. ಅಲ್ಲಿಂದ ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಕೆಲವು ದಿನ ಗಾಜಿನ ಪೆಟ್ಟಿಗೆಯೊಳಗಿಟ್ಟು, ಹಾಲು ಕುಡಿಯುವುದನ್ನು ಕಲಿತ ಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದರು. ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದ್ದರಂತೆ. ಕೂಸನ್ನು ಬೆಚ್ಚಗಿಡಬೇಕು, ಒಂದು ಹೊತ್ತೂ ತಣ್ಣಗಾಗಲು ಬಿಡಬಾರದು. ಕೋಣೆಯಲ್ಲಿ ಹೊಗೆ ಆಡಬಾರದು, ಅದರ ಶ್ವಾಸಕೋಶ ಇನ್ನೂ ಎಳೆಯದು.

ಈ ಎರಡು ಮಾತು ಒಂದಕ್ಕೊಂದು ಕೂಡುವಂಥವಲ್ಲ ಎಂದು ಅಜ್ಜಿಗೆ ಅನ್ನಿಸಿತು. ನಮ್ಮ ಕಡೆ ಬಾಣಂತಿಯ ಕೋಣೆ ಎಂದರೆ ಕಿಟಕಿ ಮುಚ್ಚಿದ ಕತ್ತಲೆ, ಮಂಚದ ಕೆಳಗೆ ಕೆಂಡದ ಮಡಕೆ, ಅದರ ಮೇಲೆ ಆಗಾಗ ಒಂದು ಚಿಟಿಕೆ ಸಾಂಬ್ರಾಣಿ. ಅಜ್ಜಿ ಊರಿನ ಎಷ್ಟೋ ಮಕ್ಕಳನ್ನು ಆ ಮಡಕೆಯ ಮೇಲೆಯೇ ಬೆಳೆಸಿದ್ದಳು. ಅದನ್ನು ಹೊರಗಿಡಬೇಕಾಯಿತು. ಅದರ ಜಾಗಕ್ಕೆ ಅಪ್ಪ ಸೂರಿನ ತೊಲೆಯಿಂದ ವೈರು ಇಳಿಬಿಟ್ಟು ನೂರು ವಾಟಿನ ಬಲ್ಬೊಂದನ್ನು ಬುಟ್ಟಿಯ ಮೇಲೆ ತೂಗುಹಾಕಿದರು. ಗಾಜಿನ ಪೆಟ್ಟಿಗೆಯನ್ನು ಅವರು ಮೈಸೂರಿನಲ್ಲಿ ಕಣ್ಣಾರೆ ನೋಡಿದ್ದರು.

ಅಜ್ಜಿ ಹೇಳಿದಳು, "ಒಗೆ ಬ್ಯಾಡ ಅಂದ್ರೆ ಬ್ಯಾಡ ಬುಡು. ಆದ್ರೆ ನನ್ನ ಕೆಂಡ ಕರೆಂಟ್ ಆಪೀಸ್ನೋರ ಮಾತು ಕೇಳಾಕಿಲ್ಲ ಕಣ್ಲಾ. ನಿನ್ನ ಬಲ್ಬು ಕೇಳ್ತದೆ."

ಅವಳು ಕೂಸಿನ ಬಿಸಿ ನೋಡುವ ರೀತಿ ಹೀಗಿತ್ತು. ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಕಳೆ ಕಿತ್ತು ಕಿತ್ತು ಕೈ ತೊಗಲು ದಪ್ಪವಾಗಿದೆ, ಅದಕ್ಕೆ ಏನೂ ತಿಳಿಯುವುದಿಲ್ಲ ಎನ್ನುತ್ತಿದ್ದಳು. ಬುಟ್ಟಿಯ ಮೇಲೆ ಬಗ್ಗಿ ಕೂಸಿನ ಅಂಗಾಲನ್ನು ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ಅಂಗಾಲು ಎಂದರೆ ಎಷ್ಟು, ಅವಳ ಹೆಬ್ಬೆರಳಿನಷ್ಟು. ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಇದ್ದು, "ಬೆಚ್ಚಗದೆ" ಎನ್ನುತ್ತಿದ್ದಳು. ಇಲ್ಲವೇ ಏನೂ ಹೇಳದೆ ಕೂಸನ್ನೆತ್ತಿ ತನ್ನ ಸೆರಗಿನೊಳಗೆ ಹಾಕಿಕೊಳ್ಳುತ್ತಿದ್ದಳು.

ಹಗಲು ಹೊತ್ತಿನಲ್ಲಿ ಎಲ್ಲ ಸರಿಯಾಗಿತ್ತು. ಕಷ್ಟ ಶುರುವಾಗುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಆಗ ಪಂಪ್‌ಸೆಟ್ಟುಗಳಿಗೆಂದು ತ್ರೀ ಫೇಸ್ ಕರೆಂಟು ಬಿಡುತ್ತಿದ್ದರು. ಅದು ಇವತ್ತು ಬರುತ್ತದೋ ಇಲ್ಲವೋ, ಬಂದರೆ ಎಷ್ಟು ಹೊತ್ತು ಇರುತ್ತದೋ ಎಂದು ಕಾದು ಕೂರಲು ರೈತರಿಗೆ ಪುರುಸೊತ್ತಿರಲಿಲ್ಲ. ಎಲ್ಲರೂ ಮೋಟಾರಿಗೆ ಆಟೊ ಹಾಕಿಸಿಕೊಂಡಿದ್ದರು. ಆಟೊ ಎಂದರೆ ಒಂದು ಪುಟ್ಟ ಡಬ್ಬಿ. ಕರೆಂಟು ಬಂದ ತಕ್ಷಣ ಅದು ಮೋಟಾರನ್ನು ತಾನೇ ಶುರು ಮಾಡುತ್ತಿತ್ತು, ಮನುಷ್ಯ ಅಲ್ಲಿರಬೇಕಾಗಿರಲಿಲ್ಲ. ಹಾಗಾಗಿ ಆ ಹೊತ್ತಿಗೆ ಸುತ್ತಲಿನ ಅರಿಶಿನ, ಬಾಳೆ, ಕಬ್ಬಿನ ಹೊಲಗಳ ಮೋಟಾರುಗಳೆಲ್ಲ ಒಂದೇ ಉಸಿರಿಗೆ ಎದ್ದು ಕೂರುತ್ತಿದ್ದವು. ನಮ್ಮ ಬಲ್ಬು ಮಂಕಾಗಿ, ಒಳಗಿನ ತಂತಿ ಕೆಂಪು ದಾರದ ಎಳೆಯಂತೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅಂಗಾಲು ತಣ್ಣಗಾಗುತ್ತಿತ್ತು. ಜ್ವರದಲ್ಲಿ ನಡುಗುವ ಅಕ್ಕನ ಮಗ್ಗುಲಿಗೆ ಕೂಸನ್ನು ಹಾಕಲು ಅಜ್ಜಿಗೆ ಧೈರ್ಯವಿರಲಿಲ್ಲ. ಹಗಲೆಲ್ಲ ಹೊಲದಲ್ಲಿ ಬಗ್ಗಿ ಬಂದ ಅಜ್ಜಿ ಅದನ್ನು ಎದೆಗವಚಿಕೊಂಡು ಗೋಡೆಗೊರಗಿ ಕೂತರೆ ಅವಳಿಗೇ ನಿದ್ದೆ ಎಳೆಯುತ್ತಿತ್ತು.

ಇನ್ನೊಂದು ಬಲ್ಬು ಹಾಕಿಬಿಡೋಣ ಎಂದರು ಅಪ್ಪ. ಅಕ್ಕ ಬೇಡವೆಂದಳು. ಮೋಟಾರುಗಳು ನಿಂತ ಕೂಡಲೇ ಬಲ್ಬು ಭಗ್ಗೆಂದು ಏರುತ್ತಿದ್ದುದನ್ನು ಅವಳು ಮಲಗಿದಲ್ಲಿಂದಲೇ ನೋಡುತ್ತಿದ್ದಳು. "ಎರ್ಡೂ ಒಟ್ಗೆ ಏರುದ್ರೆ? ನಾನು ನಿದ್ದೇಲಿದ್ರೆ?" ಎಂದಳು. ಅಪ್ಪ ಆಗಲೇ ತಂದಿದ್ದ ಎರಡನೆಯ ಬಲ್ಬನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. ಅಲ್ಲೇ ಇದ್ದ ನಾನು, ಭೌತಶಾಸ್ತ್ರ ಓದುವವಳು, ಲೆಕ್ಕ ಹಾಕಿಕೊಂಡು ಬರುತ್ತೇನೆ ಎಂದೆ.

ಅಪ್ಪ ಹೌದೇ ಎನ್ನುವಂತೆ ನನ್ನ ಮುಖ ನೋಡಿದರು. ಲೆಕ್ಕ ಹಾಕಿದರೆ ಕೂಸು ಬೆಚ್ಚಗಾಗುತ್ತದೆ ಎಂದು ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಸೂತ್ರಗಳು ನನಗೆ ಬಾಯಿಪಾಠ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಅಂದರೆ ತಂತಿ ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತದೆ ಎಂಬುದು. ಎರಡನ್ನೂ ಗುಣಿಸಿದರೆ ಸಾಮರ್ಥ್ಯ, ಅಂದರೆ ಆ ವಸ್ತು ಎಷ್ಟು ವಾಟು ತಿನ್ನುತ್ತದೆ ಎಂಬುದು. ಬಲ್ಬು ತಿಂದದ್ದರಲ್ಲಿ ಹೆಚ್ಚಿನ ಪಾಲು ಬಿಸಿಯಾಗಿಯೇ ಹೊರಬರುತ್ತದೆ. ರೋಧ ಒಂದು ಗೊತ್ತಾದರೆ ಯಾವ ವೋಲ್ಟೇಜಿಗೆ ಎಷ್ಟು ಬಿಸಿ ಎಂದು ಕೂತಲ್ಲೇ ಹೇಳಬಹುದು ಅಂದುಕೊಂಡೆ. ಕಾಲೇಜಿನ ಪ್ರಯೋಗಾಲಯದಲ್ಲಿ ಎಲ್ಲರೂ ತಂತಿಯ ಸುರುಳಿಯನ್ನು ಅಳೆಯುತ್ತಿದ್ದಾಗ ನಾನು ಮನೆಯಿಂದ ತಂದಿದ್ದ ಆ ಎರಡನೆಯ ಬಲ್ಬನ್ನು ಬ್ಯಾಟರಿಗೆ ಸಿಕ್ಕಿಸಿದೆ. ಆರು ವೋಲ್ಟು. ಕರೆಂಟು ಅಳೆಯುವ ಅಮ್ಮೀಟರಿನ ಮುಳ್ಳು ಸೊನ್ನೆ ಬಿಂದು ಹದಿನೈದರಲ್ಲಿ ನಿಂತಿತು. ಭಾಗಿಸಿದರೆ ನಲವತ್ತು ಓಮ್. ಆ ನಲವತ್ತನ್ನು ಮನೆಯ ಇನ್ನೂರ ಮೂವತ್ತು ವೋಲ್ಟಿಗೆ ಹಚ್ಚಿದೆ. ಸಾವಿರದ ಮುನ್ನೂರು ವಾಟಿಗಿಂತ ಮೇಲೆ ಬಂತು.

ಇನ್ನೊಮ್ಮೆ ಭಾಗಿಸಿದೆ, ಅದೇ ಬಂತು. ಇಸ್ತ್ರಿ ಪೆಟ್ಟಿಗೆಗಿಂತ ಹೆಚ್ಚು ಬಿಸಿಯನ್ನು ಕೂಸಿನ ಮೇಲೆ ತೂಗುಹಾಕಿದ್ದೇವೆ ಎಂದು ಆ ಉತ್ತರ ಹೇಳುತ್ತಿತ್ತು. ಓಡಿಹೋಗಿ ಬಸ್ಸು ಹತ್ತಬೇಕೆನ್ನಿಸಿತು. ನಾನು ಓಡಿದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಓಡಲಿಲ್ಲ. ಹಾಳೆ ಹಿಡಿದುಕೊಂಡು ನಮ್ಮ ಭೌತಶಾಸ್ತ್ರದ ಮೇಡಂ ಮೇಜಿನ ಮುಂದೆ ನಿಂತೆ.

ಮೇಡಂ ಮೈಸೂರಿನಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಹಾಳೆಯನ್ನು ನೋಡಿ ಕನ್ನಡಕ ಮೇಲೆತ್ತಿದರು.

"ಬಲ್ಬಿನ ಮೇಲೆ ಎಷ್ಟು ಅಂತ ಬರೆದಿದೆ?"

"ನೂರು ವಾಟ್ ಮೇಡಂ."

"ನಿಮ್ಮ ಲೆಕ್ಕದಲ್ಲಿ?"

"ಸಾವಿರದ ಮುನ್ನೂರು ಚಿಲ್ಲರೆ."

"ಹಾಗಾದ್ರೆ ಒಂದು ಬಲ್ಬಲ್ಲಿ ನಿಮ್ಮ ಹಾಸ್ಟೆಲಿನ ಸಾರು ಕುದಿಸ್ಬಹುದು. ಯಾರಾದ್ರೂ ಕುದಿಸಿದ್ದು ನೋಡಿದೀರಾ?"

"ಇಲ್ಲ ಮೇಡಂ. ನಮ್ಮ ಸಾರು ಒಲೆ ಮೇಲೂ ಕುದಿಯಲ್ಲ."

ಅವರು ನಕ್ಕರು. ಆಮೇಲೆ ಕೇಳಿದರು, "ಅಳೆಯೋವಾಗ ಬಲ್ಬು ಉರೀತಿತ್ತಾ?"

ಇರಲಿಲ್ಲ. ಆರು ವೋಲ್ಟಿಗೆ ಅದರ ತಂತಿ ಕೆಂಪಗೂ ಆಗಿರಲಿಲ್ಲ.

"ಅಲ್ಲೇ ತಪ್ಪಿದ್ದು. ನೀವು ಅಳೆದಿದ್ದು ಮಲಗಿರೋ ಬಲ್ಬನ್ನ. ಬಿಸಿ ಏರಿದಷ್ಟೂ ಆ ತಂತಿಯ ರೆಸಿಸ್ಟೆನ್ಸ್ ಏರ್ತಾ ಹೋಗತ್ತೆ. ಬೆಳ್ಳಗೆ ಉರಿಯೋವಾಗ ನೀವು ಅಳೆದಿದ್ದರ ಹತ್ತು ಪಟ್ಟಿಗಿಂತ ಜಾಸ್ತಿ ಇರತ್ತೆ. ಮಂಕಾಗಿ ಉರಿಯೋವಾಗ ಅದಕ್ಕಿಂತ ಕಡಿಮೆ. ಒಂದು ಸಲ ಅಳೆದು ಅದನ್ನೇ ಎಲ್ಲದಕ್ಕೂ ಹಚ್ಚೋಕೆ ಬರಲ್ಲ. ಯಾವಾಗಿನದು ಬೇಕೋ ಆವಾಗಲೇ ಅಳೀಬೇಕು." ಹಾಳೆಯನ್ನು ವಾಪಸು ಕೊಡುತ್ತಾ, "ಇದೆಲ್ಲ ಯಾಕೆ ಬೇಕು ನಿಮಗೆ?" ಎಂದರು.

ಬುಟ್ಟಿಯ ವಿಷಯ ಹೇಳಿದೆ. ಅವರು ಎದ್ದು ಹೋಗಿ ಬೀರು ತೆಗೆದು ಎರಡು ಮೀಟರು ತಂದು ಮೇಜಿನ ಮೇಲಿಟ್ಟರು. ಒಂದು ಮನೆಯ ಕರೆಂಟಿನ ವೋಲ್ಟೇಜು ಅಳೆಯುವುದು, ಇನ್ನೊಂದು ಅಮ್ಮೀಟರು. ಪ್ರಯೋಗಾಲಯದ ಸಾಮಾನು ಬಾಗಿಲು ದಾಟಬಾರದು ಎಂಬುದು ಅವರದೇ ಕಟ್ಟಪ್ಪಣೆ. ತಮ್ಮ ಚೀಲದಿಂದ ಟವೆಲ್ಲು ತೆಗೆದು ಅವೆರಡನ್ನೂ ಸುತ್ತಿದರು. "ಮೈನ್ ತೆಗೆದೇ ವೈರು ಮುಟ್ಟಬೇಕು. ಸೋಮವಾರ ಬೆಳಿಗ್ಗೆ ಇಲ್ಲಿರಬೇಕು. ಮುಳ್ಳು ಬಾಗಿದ್ರೆ ನಿಮ್ಮನ್ನೇ ಬಾಗಿಸ್ತೀನಿ."

ಶನಿವಾರದ ಬಸ್ಸು. ತೆರಕಣಾಂಬಿಯವರೆಗೆ ನಿಂತೇ ಬಂದೆ, ಗಂಟು ಎದೆಗೆ ಒತ್ತಿಕೊಂಡು. ಸೀಟು ಸಿಕ್ಕಿದ ಮೇಲೆ ಮಡಿಲಲ್ಲಿಟ್ಟುಕೊಂಡೆ. ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಂಡಿದ್ದ ಹೆಂಗಸು ಬಹಳ ಹೊತ್ತು ನೋಡಿ ಕೇಳಿದಳು.

"ಏನಮ್ಮಿ ಅದು, ಅಂಗ್ ಇಡ್ಕಂಡಿದ್ದೈ? ಕೂಸಾ?"

"ಅಲ್ಲಕ್ಕ, ಮೀಟ್ರು."

"ಏನ್ ನೋಡದು ಅದ್ರಲ್ಲಿ? ಬೀಪಿನಾ?"

"ಕರೆಂಟು."

ಅವಳು ಕಿಟಕಿಯಿಂದ ಹೊರಗೆ ಉಗುಳಿ ಹೇಳಿದಳು, "ನಮ್ಮೂರ್ಗೆ ತಕ ಬಾ ಕಣಮ್ಮಿ. ಅಲ್ಲಿ ಅದು ಕಣ್ಗೇ ಬೀಳಾಕಿಲ್ಲ, ನಿನ್ನ ಮೀಟ್ರಲ್ಲಾದ್ರೂ ಸಿಕ್ತದೇನೊ ನೋಡನ."

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಕ್ಕ ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಅಪ್ಪ ಮೈನ್ ತೆಗೆದು, ಬಲ್ಬಿನ ಒಂದು ವೈರನ್ನು ಕತ್ತರಿಸಿ, ಅಮ್ಮೀಟರನ್ನು ಮಧ್ಯೆ ಸೇರಿಸಿದರು. ವೋಲ್ಟ್‌ಮೀಟರನ್ನು ಬಲ್ಬಿನ ಎರಡು ತುದಿಗೂ ಅಡ್ಡಲಾಗಿ ಸಿಕ್ಕಿಸಿದೆವು. ಮೈನ್ ಹಾಕಿದಾಗ ಎರಡೂ ಮುಳ್ಳು ಒಟ್ಟಿಗೆ ಎದ್ದವು. ಇನ್ನೂರಿಪ್ಪತ್ತು ವೋಲ್ಟು, ಸೊನ್ನೆ ಬಿಂದು ನಾಲ್ಕು ಎರಡು ಆಂಪಿಯರು. ಗುಣಿಸಿದರೆ ತೊಂಬತ್ತೆರಡು ವಾಟು. ಭಾಗಿಸಿದರೆ ಐನೂರ ಇಪ್ಪತ್ತರ ಆಸುಪಾಸಿನ ರೋಧ. ಎಲ್ಲಿಯ ನಲವತ್ತು, ಎಲ್ಲಿಯ ಐನೂರ ಇಪ್ಪತ್ತು. ಕೂಸನ್ನು ನಾವು ಸುಡುತ್ತಿರಲಿಲ್ಲ. ಅಕ್ಕನಿಗೆ ಅದನ್ನು ಹೇಳಿದೆ. ಸುಡುತ್ತಿದ್ದೇವೆ ಎಂದು ನಾನು ಹೆದರಿದ್ದು ಅವಳಿಗೆ ಗೊತ್ತೇ ಇರಲಿಲ್ಲವಾದ್ದರಿಂದ ಅವಳು "ಸರಿ" ಎಂದಳು ಅಷ್ಟೆ.

ದೀಪ ಹಚ್ಚುವ ಹೊತ್ತಾಯಿತು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು, ತ್ರೀ ಫೇಸ್ ಬಂತು. ಹೊರಗೆ ಮೋಟಾರುಗಳು ಎದ್ದವು. ನನ್ನ ಕಣ್ಣೆದುರೇ ವೋಲ್ಟೇಜಿನ ಮುಳ್ಳು ಹಿಂದಕ್ಕೆ ಬಂದು ನೂರ ನಲವತ್ತಕ್ಕೆ ಒರಗಿಕೊಂಡಿತು. ಅಮ್ಮೀಟರು ಸೊನ್ನೆ ಬಿಂದು ಮೂರು ಮೂರು. ನಲವತ್ತಾರು ವಾಟು. ತೊಂಬತ್ತೆರಡರ ಸರಿಯಾದ ಅರ್ಧ.

ಇಷ್ಟು ಅಚ್ಚುಕಟ್ಟಾದ ಅರ್ಧವನ್ನು ಈಗ ನಾನು ನಂಬುವುದಿಲ್ಲ. ಮುಳ್ಳು ನಡುಗುತ್ತಿತ್ತು, ಕೋಣೆ ಮಂಕಾಗಿತ್ತು, ಗೀಟುಗಳು ಸಣ್ಣವು. ನಲವತ್ತನಾಲ್ಕೋ ಐವತ್ತೋ ಬಂದದ್ದನ್ನು ಇಷ್ಟು ವರ್ಷಗಳಲ್ಲಿ ನನ್ನ ಮನಸ್ಸೇ ತಿದ್ದಿ ಸರಿಪಡಿಸಿರಬೇಕು. ಸುಮಾರು ಅರ್ಧ ಎಂದು ಓದಿಕೊಳ್ಳಿ. ಸುಮಾರು ಅರ್ಧ ಬಿಸಿಯಲ್ಲಿ ಕೂಸು ಸಂಜೆಗಳನ್ನು ಕಳೆಯುತ್ತಿತ್ತು. ಎರಡು ಬಲ್ಬು ಹಾಕಿದರೆ ಸಂಜೆಗೆ ಹಗಲಿನಷ್ಟೇ ಬಿಸಿ ಸಿಗುತ್ತದೆ, ನಿಜ. ಆದರೆ ಮೋಟಾರುಗಳು ನಿಂತ ಗಳಿಗೆಯಲ್ಲಿ ಅದು ಹಗಲಿನ ಎರಡರಷ್ಟಾಗುತ್ತದೆ, ಎಲ್ಲರೂ ಮಲಗಿರುವಾಗ. ಅಕ್ಕನ ಭಯವೇ ಸರಿಯಾದ ಲೆಕ್ಕವಾಗಿತ್ತು. ಅಪ್ಪ ಎರಡನೆಯ ಬಲ್ಬನ್ನು ಮತ್ತೆ ಅದರ ರಟ್ಟಿನೊಳಗೆ ತೂರಿಸಿದರು.

"ಮತ್ತೇನ್ ಮಾಡದು?" ಎಂದರು.

ನಾನು ಮಾಡಿದ್ದು ಅಳೆಯುವುದನ್ನಷ್ಟೇ. ಮೂಲೆಯಲ್ಲಿ ಕೂಸನ್ನು ಸೆರಗಿನೊಳಗೆ ಹಾಕಿಕೊಂಡು ಕೂತಿದ್ದ ಅಜ್ಜಿ ಮುಳ್ಳನ್ನೇ ನೋಡುತ್ತಿದ್ದಳು. "ಮೋಟ್ರು ಎದ್ದೇಟ್ಗೆ ಬಿತ್ತಲ್ಲಮ್ಮಿ ಅದು" ಎಂದಳು.

"ಹೂ ಅಜ್ಜಿ. ಮೋಟ್ರುಗಳೆಲ್ಲ ಒಟ್ಟಿಗೆ ಎಳೀತವೆ. ನಮಗೆ ಉಳಿದಷ್ಟು."

ಮಾರನೆಯ ಬೆಳಿಗ್ಗೆ ಅಜ್ಜಿ ಕಳೆ ಕೀಳಲು ಹೋದಳು. ಅವಳು ಹೋಗುತ್ತಿದ್ದುದು ನಮ್ಮ ಬೀದಿಯ ಹಿಂದೆಯೇ ಅರಿಶಿನ ಹಾಕಿದ್ದ ಯಜಮಾನರೊಬ್ಬರ ಹೊಲಕ್ಕೆ. ಅವರದು ಊರಿನ ಹಳೆಯ ಮನೆತನ, ಹಣೆಗೆ ವಿಭೂತಿ ಹಚ್ಚದೆ ಹೊರಗೆ ಬಂದವರಲ್ಲ. ನಮ್ಮ ಬೀದಿಗೂ ಬಂದವರಲ್ಲ. ಅವರ ಬೀದಿಯ ಬಾವಿ ಬೇರೆ, ನಮ್ಮದು ಬೇರೆ. ಟ್ರಾನ್ಸ್‌ಫಾರ್ಮರು ಮಾತ್ರ ಒಂದೇ.

ಹೊಲದಲ್ಲಿ ನಡೆದದ್ದನ್ನು ನಾನು ನೋಡಿಲ್ಲ, ಅಜ್ಜಿ ಹೇಳಿದ್ದು. ಅವಳು ಕಳೆ ಕೀಳುತ್ತಲೇ, ತಲೆಯೆತ್ತದೆ, "ಬುದ್ಧಿ, ನಿಮ್ಮ ಮೋಟ್ರು ಎದ್ದೇಟ್ಗೆ ನಮ್ಮ ಕೂಸು ತಣ್ಣಗಾಯ್ತದೆ" ಎಂದಳಂತೆ.

"ನನ್ನ ಮೋಟ್ರುಗೂ ನಿಮ್ಮನೆ ಕೂಸ್ಗೂ ಏನವ್ವ ಸಂಬಂಧ?"

"ನಂಗೇನ್ ಗೊತ್ತು ಬುದ್ಧಿ. ಮೊಮ್ಮಗಳು ಮುಳ್ಳು ತಂದವಳೆ. ಬಂದು ನೋಡಿ."

ಭಾನುವಾರ ಸಂಜೆ ಅವರು ಬಂದರು. ಇಲ್ಲಿ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಯಜಮಾನರು ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಬುಟ್ಟಿಯ ಪಕ್ಕ ಕೂರುತ್ತಾರೆ. ಇನ್ನೊಂದರಲ್ಲಿ ಹೊಸ್ತಿಲ ಹೊರಗೆ ನಿಂತು, ಬಾಗಿಲ ಚೌಕಟ್ಟನ್ನು ಹಿಡಿದು, ತಲೆಯನ್ನಷ್ಟೇ ಒಳಗೆ ಬಗ್ಗಿಸುತ್ತಾರೆ. ಮೊದಲನೆಯದು ಮನಸ್ಸಿಗೆ ಹಿತವಾಗಿದೆ. ಆ ಕಾರಣಕ್ಕೇ ಅದನ್ನು ಬಿಡುತ್ತೇನೆ. ಅವರು ಹೊರಗೆ ನಿಂತಿದ್ದರು. ನಾನು ವೋಲ್ಟ್‌ಮೀಟರನ್ನು ಅವರಿಗೆ ಕಾಣುವಂತೆ ಹೊಸ್ತಿಲ ಕಡೆ ತಿರುಗಿಸಿಟ್ಟೆ.

ತ್ರೀ ಫೇಸ್ ಬಂತು. ಮುಳ್ಳು ಬಿತ್ತು.

"ಇದ್ಯಾರು ನನ್ನೊಬ್ಬನ್ದೇ ಮೋಟ್ರು ಅಂತ ಹೇಳ್ದೋರು?" ಎಂದರು ಯಜಮಾನರು.

"ನಿಮ್ಮೊಬ್ರದೇ ಅಲ್ಲ" ಎಂದೆ ನಾನು. "ಎಲ್ಲಾರ್ದೂ ಸೇರಿ."

"ನನ್ದು ಏಟು?"

"ಗೊತ್ತಿಲ್ಲ. ನಿಲ್ಸಿದ್ರೆ ಗೊತ್ತಾಗುತ್ತೆ."

ಅವರು ನನ್ನನ್ನೂ ಮುಳ್ಳನ್ನೂ ನೋಡಿದರು. ಪಂಚೆ ಎತ್ತಿ ಕಟ್ಟಿಕೊಂಡು ಹೊಲದ ಕಡೆ ನಡೆದರು. ಪಂಪ್‌ಹೌಸು ಹಿತ್ತಿಲಾಚೆ ಕೂಗಳತೆಯಲ್ಲಿತ್ತು. ಅಪ್ಪ ಹಿತ್ತಿಲ ಬಾಗಿಲಲ್ಲಿ ನಿಂತರು. ಒಂದು ಮೋಟಾರಿನ ಸದ್ದು ಕಡಿಮೆಯಾದಂತಾಯಿತು. ಮುಳ್ಳು ನೂರ ನಲವತ್ತರಿಂದ ಎದ್ದು ನೂರೈವತ್ತಕ್ಕೆ ಬಂತು.

"ಏರ್ತಾ?" ಎಂದು ಹೊಲದಿಂದ ಕೂಗು.

"ಏರ್ತು ಬುದ್ಧಿ, ಹತ್ತು" ಎಂದು ಅಪ್ಪ ಕೂಗಿದರು.

ಅವರಿಗೆ ಹುರುಪು ಬಂದಿರಬೇಕು. ಪಕ್ಕದ ಬಾಳೆ ತೋಟದವರನ್ನು ಕೂಗಿ ಅವರ ಮೋಟಾರನ್ನೂ ನಿಲ್ಲಿಸಿದರು. ಯಾಕೆ ಏನು ಎಂದು ಆ ಕಡೆಯಿಂದ ಬೈಗುಳ ಕೇಳಿಸಿತು. "ಒಂದ್ ಗಳ್ಗೆ ನಿಲ್ಸ್ಲಾ, ನಿನ್ನ ಬಾಳೆ ಏನ್ ಓಡೋಗಾಕಿಲ್ಲ" ಎಂದು ಯಜಮಾನರು. ಮುಳ್ಳು ಇನ್ನಷ್ಟು ಏರಿತು. ಆಚೆಯ ಕಬ್ಬಿನದು ನಿಂತಿತು. ನೂರೆಂಬತ್ತು. ಕೋಣೆಯ ಬಣ್ಣ ಕೆಂಪಿನಿಂದ ಹಳದಿಗೆ ಬಂತು. ಮಲಗಿದ್ದ ಅಕ್ಕ ಮೊಣಕೈಯೂರಿ ಎದ್ದು ಕೂತಳು. ನಾನು ಗುಣಿಸಿದೆ. ಅರವತ್ತೆಂಟು ವಾಟು.

ಯಜಮಾನರು ಕೆಸರು ಕಾಲಲ್ಲಿ ವಾಪಸು ಬಂದು ಅದೇ ಜಾಗದಲ್ಲಿ ನಿಂತರು. ಹಿಂದೆ ಬಾಳೆಯವರೂ ಇದ್ದರು. ಮುಳ್ಳನ್ನು ನೋಡಿದ ಮೇಲೆ, ಮೊದಲ ಸಲ, ಅವರ ಕಣ್ಣು ಬುಟ್ಟಿಯ ಕಡೆ ಹೋಯಿತು.

"ಎಲ್ಲವ್ವ ಅದು, ಕೂಸು? ಬರೀ ಬಟ್ಟೆ ಕಾಣ್ತದೆ."

ಅಜ್ಜಿ ಬಟ್ಟೆ ಸರಿಸಿ ತೋರಿಸಿದಳು. ಅವರು ಹೊಸ್ತಿಲಾಚೆಯಿಂದಲೇ ಇನ್ನಷ್ಟು ಬಗ್ಗಿ ನೋಡಿದರು. ಬಾಳೆಯವರು, "ನಮ್ಮ ಬಾಳೆಗೂ ಬಾಯಾರ್ತದಲ್ಲ ಬುದ್ಧಿ, ಇದ್ಕೇನ್ ಮಾಡದು" ಎಂದರು.

"ಪಾಳಿ ಮಾಡನ" ಎಂದರು ಯಜಮಾನರು.

ಪಾಳಿ ನಮ್ಮ ಊರಿಗೆ ಹೊಸದಲ್ಲ. ಕೆರೆ ತುಂಬಿದ ವರ್ಷ ತೂಬಿನ ನೀರನ್ನು ಪಾಳಿಯಲ್ಲೇ ಹಂಚುತ್ತಿದ್ದರು. ಇವತ್ತು ಮೇಲಿನ ಗದ್ದೆ, ನಾಳೆ ಕೆಳಗಿನದು. ಕೊಳವೆ ಬಾವಿ ಬಂದ ಮೇಲೆ ನೀರು ಅವರವರದಾಗಿ ಪಾಳಿ ಮರೆತೇಹೋಗಿತ್ತು. ಕರೆಂಟಿಗೂ ಪಾಳಿ ಹಾಕಬಹುದೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಕರೆಂಟು ಹಂಚಿಕೊಳ್ಳುವ ವಸ್ತು ಎಂದೇ ಯಾರೂ ಅಂದುಕೊಂಡಿರಲಿಲ್ಲ, ಅದು ಬರುತ್ತದೆ ಅಥವಾ ಬರುವುದಿಲ್ಲ. ಯಜಮಾನರು ಹೇಳಿದ್ದು ಇಷ್ಟು. ಈ ಟ್ರಾನ್ಸ್‌ಫಾರ್ಮರಿನ ಅರ್ಧ ಮೋಟಾರುಗಳು ತ್ರೀ ಫೇಸಿನ ಮೊದಲ ಅರ್ಧದಲ್ಲಿ ಓಡಲಿ, ಉಳಿದವು ಎರಡನೆಯ ಅರ್ಧದಲ್ಲಿ. ಎಲ್ಲರೂ ಆಟೊ ತೆಗೆದುಬಿಡಬೇಕು.

"ಲೋ ವೋಲ್ಟೇಜಲ್ಲಿ ಓಡ್ಸಿ ಓಡ್ಸಿ ಓದ್ ವರ್ಸ ನನ್ನ ಮೋಟ್ರು ಸುಟ್ಟೋಯ್ತು" ಎಂದು ಕೊನೆಗೆ ಸೇರಿಸಿದರು, ಕೂಸಿಗಾಗಿ ಮಾಡಿದೆ ಎಂದು ಯಾರಾದರೂ ಅಂದುಬಿಟ್ಟಾರೆಂಬಂತೆ.

ಅವರು ಹೋಗಿ, ಮೋಟಾರುಗಳೆಲ್ಲ ನಿಂತ ಮೇಲೆ ಅಪ್ಪ ಬಲ್ಬನ್ನು ನಾಲ್ಕು ಬೆರಳು ಕೆಳಗಿಳಿಸಿದರು. ವೋಲ್ಟೇಜು ಪೂರ್ತಿ ಏರಿದರೂ ತೊಂದರೆಯಾಗದಷ್ಟು ಎತ್ತರ ಯಾವುದು ಎಂದು ನಾವು ಅಜ್ಜಿಯ ಕೆನ್ನೆಯನ್ನೇ ಬುಟ್ಟಿಯೊಳಗಿಟ್ಟು ನೋಡಿದೆವು. ಅವಳು ತಲೆ ಒಳಗಿಟ್ಟುಕೊಂಡೇ, "ಇಳ್ಸು, ಇನ್ನೊಸಿ, ಸಾಕು. ಇದೇನ್ಲಾ, ನನ್ನನ್ನೇ ಬಾಣಂತನಕ್ಕೆ ಆಕ್ಬುಟ್ರಿ" ಎಂದಳು. ಅಕ್ಕ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸೋಮವಾರ ಮೀಟರುಗಳು ಮೇಡಂ ಮೇಜಿನ ಮೇಲಿದ್ದವು. ಅವರು ಟವೆಲ್ಲು ಬಿಚ್ಚಿ ಮುಳ್ಳುಗಳನ್ನು ಪರೀಕ್ಷಿಸಿ, "ಕೂಸು?" ಎಂದರು. ನೂರೆಂಬತ್ತು ವೋಲ್ಟು, ಅರವತ್ತೆಂಟು ವಾಟು ಎಂದೆ. "ಅದಲ್ಲ ಕೇಳಿದ್ದು" ಎಂದರು.

ಆಮೇಲಿನ ವಾರದ ದಿನಗಳಲ್ಲಿ ನಾನು ಅಲ್ಲಿರಲಿಲ್ಲ. ಆದರೂ ಆ ಸಂಜೆಗಳು ನನಗೆ ಕಾಣುತ್ತವೆ, ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತು ಮೋಟಾರುಗಳ ಸದ್ದನ್ನು ಕಿವಿಯಿಂದ ಎಣಿಸುವುದು, ಒಂದು ಹೆಚ್ಚಾದರೆ ಕೂಗುವುದು. ಹೇಳಿ ಕೇಳಿ ಕಟ್ಟಿಕೊಂಡ ದೃಶ್ಯಗಳು ಇವು. ಪಾಳಿ ಅಷ್ಟೇನೂ ಸುಸೂತ್ರವಾಗಿ ನಡೆಯಲಿಲ್ಲ ಎಂಬುದು ಮಾತ್ರ ಖಂಡಿತ. ಬಾಳೆಯವರು ಎರಡೇ ದಿನಕ್ಕೆ ಮತ್ತೆ ಆಟೊ ಹಾಕಿದರು. ಅಜ್ಜಿ ಅವರ ಮನೆ ಮುಂದೆ ಹೋಗಿ ನಿಂತು, "ನಿಮ್ಮ ಆಟೋಕೆ ಕಣ್ಣಿಲ್ಲ, ನಿಮ್ಗೂ ಇಲ್ವಾ ಬುದ್ಧಿ" ಎಂದಳಂತೆ. ಅವರ ಹೆಂಡತಿಯೇ ಟಾರ್ಚು ಹಿಡಿದು ಹೋಗಿ ಆಟೊ ತೆಗೆದು ಬಂದರಂತೆ. ಕಬ್ಬಿನವರು ತಮ್ಮ ಪಾಳಿ ಮರೆತು ಬಾಳೆಯವರ ಪಾಳಿಯಲ್ಲಿ ಓಡಿಸಿ ಜಗಳವಾಯಿತು. ಒಂದು ಸಂಜೆ ಕರೆಂಟೇ ಇರಲಿಲ್ಲ, ಆವತ್ತು ಪಾಳಿಯೂ ಇಲ್ಲ ಬಲ್ಬೂ ಇಲ್ಲ, ಅಜ್ಜಿಯ ಸೆರಗೇ. ಇಷ್ಟಾದರೂ ಹೆಚ್ಚಿನ ಸಂಜೆಗಳಲ್ಲಿ ಬಲ್ಬು ಹಳದಿಯಾಗಿ ಉರಿಯಿತು.

ನಾನು ಶನಿವಾರ ಬಂದಾಗಲೆಲ್ಲ ಅಜ್ಜಿ ಮೊದಲು ಕೇಳುತ್ತಿದ್ದುದು, "ಮುಳ್ಳು ತಂದ್ಯಾ?" ಎಂದು. ಮೇಡಂ ಮತ್ತೆ ಕೊಡಲಿಲ್ಲ, ನಾನೂ ಕೇಳಲಿಲ್ಲ. ಬಲ್ಬಿನ ಬಣ್ಣ ನೋಡಿ ವಾಟು ಅಂದಾಜು ಮಾಡುತ್ತಿದ್ದೆ. "ಇವತ್ತು ಅರವತ್ತು ಇರ್ಬೋದು" ಎಂದರೆ ಅಜ್ಜಿ ಅಂಗಾಲನ್ನು ಕೆನ್ನೆಗೊತ್ತಿಕೊಂಡು, "ಇರ್ಬೋದು" ಎನ್ನುತ್ತಿದ್ದಳು. ನಮ್ಮಿಬ್ಬರ ಅಂದಾಜು ಬೇರೆ ಬೇರೆ ವಸ್ತುವಿನದು ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಅಳೆಯುತ್ತಿದ್ದುದು ಬಲ್ಬು ಕೊಟ್ಟದ್ದನ್ನಲ್ಲ, ಕೂಸಿಗೆ ತಲುಪಿದ್ದನ್ನು.

ಅಕ್ಕನ ಜ್ವರ ಬಿಟ್ಟಿತು. ಕೂಸಿಗೆ ಮೊದಲು ಗಲ್ಲ ಬಂತು, ಆಮೇಲೆ ತೊಡೆಯಲ್ಲಿ ಮಡಿಕೆ ಬಂತು. ಅಳುವಿಗೆ ಸದ್ದು ಬಂತು. ಚಳಿ ಹಿಂದೆ ಸರಿದು ಹೊಲದಲ್ಲಿ ಅರಿಶಿನದ ಎಲೆಗಳು ಒಣಗಿ ಮಲಗುವ ಕಾಲ ಬಂತು. ಯಜಮಾನರ ಮೋಟಾರಿಗೆ ಕೆಲಸ ಕಡಿಮೆಯಾಯಿತು. ಅವರು ಹಿತ್ತಿಲ ಬೇಲಿಯಾಚೆಯಿಂದ, "ಏನವ್ವ, ನಿಮ್ಮ ಮೋಟ್ರು ಎಂಗೈತೆ?" ಎಂದು ಕೇಳುತ್ತಿದ್ದರು. ಅಜ್ಜಿ, "ಆಲು ಕುಡೀತದೆ ಬುದ್ಧಿ, ಸದ್ದು ಮಾಡ್ತದೆ" ಎನ್ನುತ್ತಿದ್ದಳು.

ಒಂದು ಶನಿವಾರ ನಾನು ಬಂದಾಗ ದೀಪ ಹಚ್ಚುವ ಹೊತ್ತು. ತ್ರೀ ಫೇಸ್ ಬಂತು. ಆ ವಾರ ಪಾಳಿ ಯಾಕೋ ಕೆಟ್ಟಿತ್ತು, ಎಲ್ಲರೂ ಆಟೊ ಹಾಕಿಕೊಂಡಿದ್ದರೆಂದು ಕಾಣುತ್ತದೆ. ಅಷ್ಟೂ ಮೋಟಾರುಗಳು ಒಟ್ಟಿಗೆ ಎದ್ದವು. ಬಲ್ಬು ಕುಗ್ಗುತ್ತಾ ಕುಗ್ಗುತ್ತಾ ಒಂದು ಕೆಂಪು ಎಳೆಯಾಯಿತು. ನಾನು ಚೀಲ ಹಾಕಿದವಳೇ ಬುಟ್ಟಿಯ ಕಡೆ ಹೋದೆ. ಅಜ್ಜಿ ತಡೆದಳು.

"ತಡ್ಕಳಮ್ಮಿ. ಎತ್ಬ್ಯಾಡ. ನೋಡನ."

ಕಾದೆವು. ಅಪ್ಪ ಕಚೇರಿಯಿಂದ ಬಂದು ಅಂಗಿ ಬಿಚ್ಚದೆ ಅಲ್ಲೇ ನಿಂತರು. ಅಕ್ಕ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ಮೊದಲೆಲ್ಲ ಅಂಗಾಲು ತಣ್ಣಗಾಗಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅದಕ್ಕಿಂತ ಹೆಚ್ಚು ಹೊತ್ತು ಕಳೆಯಿತು. ಅಜ್ಜಿ ಬಗ್ಗಿ ಅಂಗಾಲನ್ನು ಕೆನ್ನೆಗೊತ್ತಿಕೊಂಡಳು. ಕಣ್ಣು ಮುಚ್ಚಿದಳು. ಸೆರಗನ್ನು ಎತ್ತಲಿಲ್ಲ. ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು.

"ನೀನೇ ಅಳ್ದು ನೋಡು."

ನಾನು ಬಗ್ಗಿದೆ. ಅಂಗಾಲು ಈಗ ಹೆಬ್ಬೆರಳಿನಷ್ಟಿರಲಿಲ್ಲ, ಕೈಯಲ್ಲಿ ಹಿಡಿಯಲು ಸಿಗುವಷ್ಟಾಗಿತ್ತು. ಕೆನ್ನೆಗೆ ಇಟ್ಟುಕೊಂಡೆ. ಬೆಚ್ಚಗಿತ್ತು. ಬಸ್ಸಿನ ಗಾಳಿಗೆ ಒಡ್ಡಿಕೊಂಡು ಬಂದಿದ್ದ ನನ್ನ ಕೆನ್ನೆಗಿಂತ ಬೆಚ್ಚಗಿತ್ತು. ಬುಟ್ಟಿಯೊಳಗಿದ್ದವಳಿಗೆ ನನ್ನ ತಣ್ಣನೆಯ ಮುಖ ಹಿಡಿಸದೆ ಕಾಲನ್ನು ಹಿಂದಕ್ಕೆಳೆದುಕೊಂಡು ನನ್ನ ಮೂಗಿಗೆ ಒದ್ದಳು.

"ಒದ್ಳು" ಎಂದೆ.

ಅಕ್ಕ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬುಟ್ಟಿಯ ಇನ್ನೊಂದು ಬದಿಗೆ ಕೂತಳು. ಅಪ್ಪನೂ ಕೂತರು. ಹೊರಗೆ ಮೋಟಾರುಗಳು ಓಡುತ್ತಲೇ ಇದ್ದವು, ಮೇಲೆ ಬಲ್ಬು ಕೆಂಪಗೆ ಜೋತುಬಿದ್ದಿತ್ತು. ಆವತ್ತು ಯಾರೂ ಅದರ ಕಡೆ ನೋಡಲಿಲ್ಲ.